ತೊಡೆದೇವಿನ ಗಡಿಗೆ ಗಾಡಿ ಏರುತ್ತಿದೆ, ಅಂಗಡಿ ಮುಚ್ಚುತ್ತಿಲ್ಲ

ಆತ್ಮೀಯ ಗ್ರಾಹಕರಿಗೆ,

ಶಿರಸಿಯಿಂದ ನಮಸ್ಕಾರಗಳು.

ತೊಡೆದೇವು ಎಂದರೆ ಕಾದ ಗಡಿಗೆಯ ಬೆನ್ನಿನ ಮೇಲೆ ಅಕ್ಕಿ, ಬೆಲ್ಲದ ಹಿಟ್ಟು ತೊಡೆದು, ತುಪ್ಪ ಸವರಿ ಮಡಚುವ ತೆಳು ಸಿಹಿ. ಈ ಸಲ ತುಳಸಿ ಲಗ್ನ ಮುಗಿದ ಮೇಲೆ ನಮ್ಮ ಮಹಿಳಾ ಸಂಘದ ತೊಡೆದೇವಿನ ಗಡಿಗೆಗಳು ಮತ್ತೆ ಗಾಡಿ ಏರಲಿವೆ. ಮದುವೆ, ಉಪನಯನ, ಗೃಹಪ್ರವೇಶ ನಡೆಯುವಲ್ಲಿಗೇ ಬಂದು, ಊಟದ ಹೊತ್ತಿಗೆ ಬಿಸಿಯಾಗಿ ತೊಡೆದು ಕೊಡುತ್ತೇವೆ. ಹಾಗಾಗಿ ಗಾಡಿ ಹೊರಡುವ ದಿನ ಅಂಗಡಿಯಲ್ಲಿ ಬಿಸಿ ತೊಡೆದೇವು ಇರುವುದಿಲ್ಲ. ಹಿಂದಿನ ದಿನ ಮಾಡಿ ಡಬ್ಬಕ್ಕೆ ತುಂಬಿದ್ದು ಮಾತ್ರ ಸಿಗುತ್ತದೆ. ಸಂಜೆ ಬಂದು ನಿಂತಲ್ಲೇ ಒಂದು ತಿಂದು ಹೋಗುವವರಿಗೆ ಇದರಿಂದ ಬೇಸರವಾಗುತ್ತದೆಂದು ಗೊತ್ತು. ಕ್ಷಮಿಸಿ. ಕೈ ಪಳಗಿದವರು ನಮ್ಮಲ್ಲಿ ಆರೇ ಜನ. ಒಂದೇ ದಿನ ಎರಡು ಕಡೆ ಗಡಿಗೆ ಇಡಲು ಆಗುವುದಿಲ್ಲ.

ಇನ್ನು ಆರು ತಿಂಗಳಿಂದ ಕೇಳುತ್ತಿರುವ ಮಾತು. “ಅಂಗಡಿಯಲ್ಲಿ 25 ರೂಪಾಯಿಗೆ ಕೊಡುವ ತೊಡೆದೇವಿಗೆ ಮದುವೆ ಮನೆಯಲ್ಲಿ 40 ರೂಪಾಯಿಯೇ? ಅದೇ ಅಕ್ಕಿ, ಅದೇ ಬೆಲ್ಲ. ಗಾಡಿ ಬಂದ ಮೇಲೆ ಆಸೆ ಹೆಚ್ಚಾಗಿದೆ.” ಬೆನ್ನ ಹಿಂದೆ ಅಂದವರೂ ಇದ್ದಾರೆ, ಮುಖಕ್ಕೇ ಹೇಳಿದವರೂ ಇದ್ದಾರೆ. ನಮಗೆ ನೋವಾಗಿದೆ. ಲೆಕ್ಕವನ್ನು ನಿಮ್ಮ ಮುಂದೆಯೇ ಇಡುತ್ತೇವೆ.

ಒಂದಕ್ಕೆ 15ರಂತೆ 400 ತೊಡೆದೇವಿಗೆ ಆ ವ್ಯತ್ಯಾಸ 6,000 ರೂಪಾಯಿ. ಹುಬ್ಬಳ್ಳಿಯ ಕಲ್ಯಾಣ ಮಂಟಪವೆಂದುಕೊಳ್ಳಿ. ಡೀಸೆಲ್, ಚಾಲಕನ ಕೂಲಿ, ದಾರಿ ಖರ್ಚು ಸೇರಿ 2,600. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟು ರಾತ್ರಿ ಮರಳುವ ಆರು ಹೆಂಗಸರಿಗೆ ತಲಾ 300ರಂತೆ ಹೆಚ್ಚುವರಿ ಕೂಲಿ 1,800. ಮಂಟಪಗಳಲ್ಲಿ ಸೌದೆ ಉರಿಸಲು ಬಿಡುವುದಿಲ್ಲ, ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನಲ್ಲಿ ಅರ್ಧ ಖಾಲಿಯಾದರೂ 900. ಕೈಯಲ್ಲಿ ಉಳಿಯುವುದು 700. ಗಾಡಿಯ ಸಾಲದ ಕಂತು ಅದರಿಂದಲೇ ಹೋಗಬೇಕು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಕಂತು ಮಾತ್ರ ಆ ತಿಂಗಳುಗಳಲ್ಲೂ ತಪ್ಪುವುದಿಲ್ಲ.

ತುಪ್ಪದ ವಿಷಯಕ್ಕೂ ನಮ್ಮನ್ನೇ ದೂರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಾಗ “ನಿಮ್ಮ ಬೆಲೆ ಯಾವಾಗ ಇಳಿಯುತ್ತದೆ?” ಎಂದು ಎಷ್ಟೋ ಜನ ಕೇಳಿದರು. ನವೆಂಬರಿನಲ್ಲಿ ನಾವು ಕೊಳ್ಳುವ ತುಪ್ಪ ಲೀಟರಿಗೆ 610ರಿಂದ 700 ರೂಪಾಯಿಗೆ ಏರಿದಾಗ ಯಾರೂ ಕೇಳಲಿಲ್ಲ. ಅಂಗಡಿಯ ಬೆಲೆಯನ್ನು ನಾವು ಆಗಲೂ ಏರಿಸಲಿಲ್ಲ.

ತೊಡೆದೇವಿನಲ್ಲಿ ಸಮಯ ಉಳಿಸುವ ದಾರಿಯೇ ಇಲ್ಲ. ಬೋರಲು ಹಾಕಿದ ಗಡಿಗೆ ಹದವಾಗಿ ಕಾಯಬೇಕು. ಮಜ್ಜಿಗೆಯಷ್ಟು ತೆಳುವಾದ ಹಿಟ್ಟಿನಲ್ಲಿ ಬಟ್ಟೆ ಅದ್ದಿ, ಒಂದೇ ಬೀಸಿಗೆ ಗಡಿಗೆಯ ಬೆನ್ನಿನ ಮೇಲೆ ತೊಡೆಯಬೇಕು. ಅಂಚು ಬಿಟ್ಟುಕೊಳ್ಳುತ್ತಿದ್ದಂತೆ, ಇನ್ನೂ ಮೆತ್ತಗಿರುವಾಗಲೇ ತುಪ್ಪ ಸವರಿ ಮಡಚಬೇಕು. ಒಂದು ಉಸಿರು ತಡವಾದರೂ ಗರಿಗರಿಯಾಗಿ ಮುರಿಯುತ್ತದೆ. ಒಂದು ಗಡಿಗೆಯಲ್ಲಿ ನಿಮಿಷಕ್ಕೆ ಒಂದು, ಅಷ್ಟೇ. ಮೂರು ಗಡಿಗೆ ಇಟ್ಟರೂ ಎರಡು ಗಂಟೆಯಲ್ಲಿ 360. ಹಾಗಾಗಿ ಮೊದಲೇ ಹೇಳಿಬಿಡುತ್ತೇವೆ: ದೊಡ್ಡ ಮದುವೆಗಳಲ್ಲಿ ಎಲ್ಲರ ಎಲೆಗೂ ಗಡಿಗೆಯಿಂದ ಇಳಿದದ್ದೇ ಬೀಳುವುದಿಲ್ಲ, ಸ್ವಲ್ಪ ಭಾಗ ಬೆಳಿಗ್ಗೆ ಅಲ್ಲಿಯೇ ಮಾಡಿಟ್ಟದ್ದಾಗಿರುತ್ತದೆ.

ಕಳೆದ ವೈಶಾಖದ ಒಂದು ಮದುವೆಯಲ್ಲಿ ಕೊನೆಯ ಪಂಕ್ತಿಯವರಿಗೆ ತೊಡೆದೇವು ಸಿಗಲಿಲ್ಲ. ಅದು ನಮ್ಮದೇ ತಪ್ಪು. ಸೌದೆಯ ಉರಿ ಗಡಿಗೆಯ ಒಳಗೆಲ್ಲ ಹರಡುತ್ತದೆ, ಗ್ಯಾಸಿನ ಉರಿ ಒಂದೇ ಕಡೆ ನೆಟ್ಟು ನಿಲ್ಲುತ್ತದೆ. ಅದನ್ನು ಅರಿಯದೆ ಅವಸರದಲ್ಲಿ ಕಾಯಿಸಿದೆವು, ಎರಡು ಗಡಿಗೆ ಸೀಳಿದವು. ಆ ದಿನದ ಪೂರ್ತಿ ಹಣ ಹಿಂದಿರುಗಿಸಿದ್ದೇವೆ. ಆದರೂ ವಧುವಿನ ತಂದೆ ಅತಿಥಿಗಳ ಮುಂದೆ ಕೈಮುಗಿದು ನಿಂತದ್ದು ನಮ್ಮ ಕಣ್ಣಿನಿಂದ ಮರೆಯಾಗಿಲ್ಲ. ಈಗ ಉರಿಯ ಮೇಲೆ ಕಬ್ಬಿಣದ ತಗಡು ಇಟ್ಟು ನಿಧಾನವಾಗಿ ಕಾಯಿಸುತ್ತೇವೆ, ಪಳಗಿದ ಎರಡು ಗಡಿಗೆಗಳನ್ನು ಹೆಚ್ಚಿಗೆ ಒಯ್ಯುತ್ತೇವೆ.

ರುಚಿಯ ಬಗ್ಗೆ ಅನುಮಾನ ಬೇಡ. ಆಲೆಮನೆಯ ಕಾಲದಲ್ಲಿ ಕಬ್ಬಿನ ಹಾಲು, ಉಳಿದ ದಿನಗಳಲ್ಲಿ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ನೀರು ಬೆಲ್ಲ; ಸಕ್ಕರೆ ಎಂದೂ ಇಲ್ಲ. ನಮ್ಮ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿರುವುದರಿಂದ ನಿಮ್ಮ ಬಿಲ್ಲಿಗೆ ಜಿಎಸ್‌ಟಿಯನ್ನೂ ಸೇರಿಸುವುದಿಲ್ಲ. ಶಿರಸಿ ಪೇಟೆಯೊಳಗಿನ ಕಾರ್ಯಗಳಿಗೆ 40ರ ಬದಲು 32 ರೂಪಾಯಿ, ಏಕೆಂದರೆ ಅಲ್ಲಿ ದಾರಿ ಖರ್ಚಿಲ್ಲ. 150ಕ್ಕಿಂತ ಕಡಿಮೆ ಜನರಿದ್ದರೆ ಗಾಡಿ ಹೊರಡಿಸಲು ಆಗುವುದಿಲ್ಲ. ಡಬ್ಬ ತುಂಬಿ ಕೊಡುತ್ತೇವೆ, ಅಂಗಡಿಯ ಬೆಲೆಗೇ.

ಗಾಡಿ ಹೊರಡುವ ದಿನಗಳ ಪಟ್ಟಿ ಅಂಗಡಿಯ ಬಾಗಿಲಿನ ಮೇಲಿರುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು ಬಿಸಿಯದೇ ಬೇಕೆಂದು ಆಸೆಪಟ್ಟರೆ ಒಂದು ಮಾತು ಹೇಳಿ ಕಳುಹಿಸಿ. ಮರುದಿನ ಮೊದಲ ಗಡಿಗೆಯ ಮೊದಲ ತೊಡೆದೇವನ್ನು ಅವರಿಗೇ ಎತ್ತಿಡುತ್ತೇವೆ. ಕಾರ್ಯ ಇಟ್ಟುಕೊಂಡವರು ಮುಹೂರ್ತ ಗೊತ್ತಾದ ಕೂಡಲೇ ತಿಳಿಸಿ. ಕನಿಷ್ಠ ಹದಿನೈದು ದಿನ ಮೊದಲು.

ನಿಮ್ಮ,
ಸಂಘದ ಎಲ್ಲ ಸದಸ್ಯೆಯರ ಪರವಾಗಿ ಅಧ್ಯಕ್ಷೆ