ಮಗಳಿಗೊಂದು ಪತ್ರ: ಮೊದಲ ಅರವತ್ತು ಅಡಿ

ಪ್ರೀತಿಯ ಪುಟ್ಟಿ,

ಡ್ರ್ಯಾಗ್ ರೇಸ್ ಸ್ಟ್ರಿಪ್ಪಿನಿಂದ ನೀನು ಕಳಿಸಿದ ಟೈಮ್ ಸ್ಲಿಪ್, ಅಂದರೆ ಕಾಲು ಮೈಲಿಯ ನೇರ ಓಟದ ಸಮಯದ ಚೀಟಿ, ನೋಡಿದೆ. ಯಾವ ಏರ್ ಫಿಲ್ಟರ್ ಹಾಕಿಸಲಿ, ಎಕ್ಸಾಸ್ಟ್ ಬದಲಿಸಲೇ ಅಂತ ಜೊತೆಗೇ ಕೇಳಿದ್ದೀಯ. ಸದ್ಯಕ್ಕೆ ಯಾವುದೂ ಬೇಡ, ದುಡ್ಡು ಕೈಯಲ್ಲೇ ಇರಲಿ. ತೊಂದರೆ ಎಂಜಿನ್ನಿನಲ್ಲಿ ಇಲ್ಲ ಅಂತ ಆ ಚೀಟಿಯೇ ಹೇಳುತ್ತಿದೆ.

ಮೊದಲ ಸಾಲಿನ 0.912 ನಿನ್ನ ರಿಯಾಕ್ಷನ್ ಟೈಮ್, ಅಂದರೆ ದೀಪ ನೋಡಿ ಹೊರಡಲು ಹಿಡಿದ ಹೊತ್ತು. ಅದಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡ. ಓಟದ ಗಡಿಯಾರ ಓಡತೊಡಗುವುದು ಹಸಿರು ದೀಪ ಹತ್ತಿದಾಗಲ್ಲ, ನಿನ್ನ ಮುಂದಿನ ಚಕ್ರ ಗೆರೆಯ ಮೇಲಿನ ಬೆಳಕಿನ ಕಿರಣವನ್ನು ದಾಟಿದಾಗ. ಹಸಿರು ಬಂದ ಮೇಲೆ ಎರಡು ಸೆಕೆಂಡು ಸುಮ್ಮನೆ ಕೂತು ಹೊರಟರೂ ಒಟ್ಟು ಸಮಯ ಅಷ್ಟೇ ಬರುತ್ತದೆ. ಪಕ್ಕದ ಗಾಡಿಯ ಜೊತೆ ಪೈಪೋಟಿಗೆ ಇಳಿದಾಗ ಮಾತ್ರ ಅದರ ಲೆಕ್ಕ ಬೇರೆ.

ನೀನು ನೋಡಬೇಕಾದದ್ದು ಎರಡನೇ ಸಾಲು ಮತ್ತು ಕೊನೆಯ ಸಾಲು. ಮೊದಲ 60 ಅಡಿ, ಅಂದರೆ 18 ಮೀಟರ್ ದಾಟಲು 2.71 ಸೆಕೆಂಡು ತೆಗೆದುಕೊಂಡಿದ್ದೀಯ. ಕಾಲು ಮೈಲಿಯ ಕೊನೆಯಲ್ಲಿ 17.14 ಸೆಕೆಂಡು, ವೇಗ ಗಂಟೆಗೆ 84 ಮೈಲಿ, ನಮ್ಮ ಲೆಕ್ಕದಲ್ಲಿ 135 ಕಿಲೋಮೀಟರ್. ಕೊನೆಯ ವೇಗ ಹೆಚ್ಚಾಗಿ ಗಾಡಿಯ ತೂಕಕ್ಕೆ ಎಷ್ಟು ಪವರ್ ಇದೆ ಅಂತ ಹೇಳುತ್ತದೆ. ಸಮಯ ಅದರ ಜೊತೆಗೆ ಓಡಿಸಿದವರ ಕೈಗುಣವನ್ನೂ ಹೇಳುತ್ತದೆ. ಇದಕ್ಕೊಂದು ಒರಟು ಲೆಕ್ಕ ಇದೆ. ಕಾಲು ಮೈಲಿಯ ಸಮಯವನ್ನು ಮೈಲಿ ವೇಗದಿಂದ ಗುಣಿಸಿದರೆ ಚೆನ್ನಾಗಿ ಬಿಟ್ಟ ಸಾಧಾರಣ ಗಾಡಿಗೆ 1360ರಿಂದ 1400ರ ಆಸುಪಾಸು ಬರಬೇಕು. ನಿನ್ನದು 1440. 1400ಕ್ಕೆ ಇಳಿಸಿದರೂ ಇದೇ ಎಂಜಿನ್ನಿನಲ್ಲಿ, ಇದೇ ವೇಗಕ್ಕೆ 16.7 ಸೆಕೆಂಡು ಸಿಗುತ್ತದೆ. ಅರ್ಧ ಸೆಕೆಂಡಿನ ಹತ್ತಿರ! ಅಷ್ಟನ್ನು ಕೊಡುವ ಫಿಲ್ಟರ್ ಎಲ್ಲೂ ಮಾರಾಟಕ್ಕಿಲ್ಲ.

ಆ ಅರ್ಧ ಸೆಕೆಂಡು ಹೋಗಿದ್ದು ಮೊದಲ 60 ಅಡಿಯಲ್ಲೇ. ಅಲ್ಲಿ ಒಂದು ಹತ್ತಾಂಶ ಉಳಿಸಿದರೆ ಕೊನೆಯಲ್ಲಿ ಒಂದೂವರೆ ಹತ್ತಾಂಶ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚೇ ಉಳಿಯುತ್ತದೆ. 60 ಅಡಿಯ ಗುರುತನ್ನು ಹೆಚ್ಚಿನ ವೇಗದಲ್ಲಿ ದಾಟಿದರೆ ಮುಂದಿನ ಪ್ರತಿ ಅಡಿಯೂ ಬೇಗ ಮುಗಿಯುತ್ತದಲ್ಲ, ಅದಕ್ಕೆ. ನಿನ್ನಂಥ ಫ್ರಂಟ್ ವೀಲ್ ಡ್ರೈವ್ ಗಾಡಿಗೆ ರಸ್ತೆಯ ಟೈರಿನಲ್ಲೇ 2.4 ಎಟುಕುವ ಗುರಿ.

ಈಗ ಗೆರೆಗೆ ಬಾ. ನೀರು ಹಾಕಿದ ಜಾಗ ಸಿಕ್ಕರೆ ಅದರ ಮೇಲೆ ಹೋಗಬೇಡ, ಬದಿಯಿಂದ ಸುತ್ತಿಕೊಂಡು ಬಾ. ರಸ್ತೆಯ ಟೈರಿನ ಗೀರುಗಳಲ್ಲಿ ನೀರು ಸಿಕ್ಕಿಕೊಂಡು ನೇರ ಗೆರೆಯವರೆಗೂ ಬರುತ್ತದೆ. ಒಣ ಜಾಗದಲ್ಲಿ ಕಲ್ಲು, ಧೂಳು ಉದುರುವಷ್ಟು ಒಂದೇ ಒಂದು ಸಣ್ಣ ಸ್ಪಿನ್ ಸಾಕು. ಹೊಗೆ ಎಬ್ಬಿಸುವುದು ಡ್ರ್ಯಾಗ್ ಟೈರ್ ಇದ್ದವರ ಕೆಲಸ.

ಗೆರೆಯ ಬಳಿ ಎರಡು ಬೆಳಕಿನ ಕಿರಣಗಳಿರುತ್ತವೆ, ಮೊದಲು ಸಿಗುವುದು ಪ್ರೀ-ಸ್ಟೇಜ್, ಆಮೇಲಿನದು ಸ್ಟೇಜ್. ಅವುಗಳ ನಡುವೆ ಏಳು ಇಂಚು ಅಂತರ ಇರುತ್ತದೆ. ಪ್ರೀ-ಸ್ಟೇಜ್ ದೀಪ ಹತ್ತಿದ ಮೇಲೆ ಆಮೆಯ ಹಾಗೆ ತೆವಳು. ಸ್ಟೇಜ್ ದೀಪ ಹತ್ತಿದ ಕ್ಷಣವೇ ನಿಲ್ಲಿಸು, ಒಂದಿಂಚೂ ಮುಂದೆ ಬೇಡ. ಹಾಗೆ ನಿಂತರೆ ಚಕ್ರ ಕಿರಣದಿಂದ ಹೊರಬರುವಷ್ಟರಲ್ಲಿ ಗಾಡಿ ಸುಮಾರು ಒಂದಡಿ ಓಡಿರುತ್ತದೆ, ಆ ಓಟ ಗಡಿಯಾರದ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಹೋಗಿ ಪ್ರೀ-ಸ್ಟೇಜ್ ದೀಪ ಆರಿಸಿಕೊಂಡು ನಿಂತರೆ ರಿಯಾಕ್ಷನ್ ಚೆನ್ನಾಗಿ ಬರಬಹುದು, ಸಮಯ ಕೆಡುತ್ತದೆ.

ಇನ್ನು ಲಾಂಚ್, ಅಂದರೆ ನಿಂತಲ್ಲಿಂದ ಗಾಡಿ ಬಿಡುವುದು. ಎಲ್ಲರೂ ಎಡವುವುದು ಇಲ್ಲೇ. 2500 ಆರ್‌ಪಿಎಂನಿಂದ ಶುರು ಮಾಡು. ಕ್ಲಚ್ಚನ್ನು ಒಮ್ಮೆಲೇ ಬಿಡಬೇಡ. ಹಿಡಿಯುವ ಜಾಗಕ್ಕೆ ಚುರುಕಾಗಿ ತಂದು, ಅಲ್ಲಿಂದ ಪೂರ್ತಿ ಬಿಡಲು ಒಂದು ಸೆಕೆಂಡಿನಷ್ಟು ಹೊತ್ತು ತಗೋ. ಕ್ಲಚ್ ಮೇಲೆ ಬಂದ ಹಾಗೆ ಆಕ್ಸಿಲರೇಟರ್ ಕೆಳಗೆ ಹೋಗಲಿ. ಕಿವಿ ಕೊಟ್ಟು ಕೇಳು. ಟೈರು ಸಣ್ಣಗೆ ಕೀಚ್ ಅಂದು ಹಿಡಿದುಕೊಂಡರೆ ಸರಿಯಾಗಿದೆ. ಉದ್ದಕ್ಕೆ ಕಿರುಚಿದರೆ ಚಕ್ರ ಸುಮ್ಮನೆ ತಿರುಗುತ್ತಿದೆ. ಆಕ್ಸಿಲರೇಟರನ್ನು ಪೂರ್ತಿ ಬಿಡದೆ ಕಾಲುಭಾಗ ಸಡಿಲಿಸು, ಮುಂದಿನ ಸಲ 300 ಆರ್‌ಪಿಎಂ ಕಮ್ಮಿ ಮಾಡು. ಮುಳ್ಳು 2000ಕ್ಕಿಂತ ಕೆಳಗೆ ಬಿದ್ದು ಗಾಡಿ ಮುಕ್ಕರಿಸಿದರೆ, ಅಂದರೆ ಉಸಿರುಗಟ್ಟಿದ ಹಾಗೆ ತಿಣುಕಿದರೆ, 300 ಜಾಸ್ತಿ ಮಾಡು. ನಿನ್ನದು ಸಣ್ಣ ಟರ್ಬೊ ಎಂಜಿನ್, ಕೆಳಗೆ ಬಿದ್ದರೆ ಬೂಸ್ಟ್, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ, ಮತ್ತೆ ಕಟ್ಟುವವರೆಗೆ ಕಾಯಬೇಕು. ಹಾಗಾಗಿ ಮುಕ್ಕರಿಸುವುದಕ್ಕಿಂತ ಚೂರು ಸ್ಪಿನ್ ಆಗುವುದೇ ನಿನಗೆ ಮೇಲು.

ಮುಂದಿನ ಚಕ್ರಗಳು ಧಡಧಡ ಕುಪ್ಪಳಿಸಿದರೆ ಅದು ವೀಲ್ ಹಾಪ್. ತಕ್ಷಣ ಕಾಲು ತೆಗೆ, ಆ ಓಟ ಹೋದರೆ ಹೋಗಲಿ. ಎಂಜಿನ್ ಮೌಂಟು, ಡ್ರೈವ್ ಶಾಫ್ಟಿನ ಜಾಯಿಂಟು ಮುರಿಯುವುದು ಹಾಗೆಯೇ. ದೀಪಕ್ಕೆ ಕಾಯುವಾಗ ಕ್ಲಚ್ಚನ್ನು ಹಿಡಿಯುವ ಜಾಗದಲ್ಲೇ ಇಟ್ಟುಕೊಂಡಿರಬೇಡ, ಸುಟ್ಟ ವಾಸನೆ ಬಂದರೆ ಅವತ್ತಿಗೆ ಅದಕ್ಕೆ ಒಳ್ಳೆಯ ವಿರಾಮ ಕೊಡು. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿಯೂ ಮಾಡದೆಯೂ ಓಡಿಸಿ ನೋಡು. ಸಾಮಾನ್ಯವಾಗಿ ಅದು ಚಕ್ರ ಜಾರಿದೊಡನೆ ಪವರನ್ನೇ ಕತ್ತರಿಸಿ ಗಾಡಿಯನ್ನು ಮುಕ್ಕರಿಸುತ್ತದೆ.

ನಿನ್ನ ಗೆಳತಿಯ ಆಟೊಮ್ಯಾಟಿಕ್ ಗಾಡಿಯ ಬಗ್ಗೆಯೂ ಕೇಳಿದ್ದೀಯ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಾದರೆ ಎಡಗಾಲಲ್ಲಿ ಬ್ರೇಕ್ ಒತ್ತಿ 1500ರಿಂದ 2000 ಆರ್‌ಪಿಎಂವರೆಗೆ ಏರಿಸಿ ಬಿಡಬಹುದು, ಆದರೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಗೇರ್ ಆಯಿಲ್ ಕುದಿಯುತ್ತದೆ. ಬೇರೆ ಬಗೆಯ ಆಟೊಮ್ಯಾಟಿಕ್‌ಗಳಾದ ಸಿವಿಟಿಗೂ, ಲಾಂಚ್ ಕಂಟ್ರೋಲ್ ಇಲ್ಲದ ಡ್ಯುಯಲ್ ಕ್ಲಚ್ಚಿಗೂ ಈ ಆಟ ಬೇಡ.

ಟೈರಿನ ಗಾಳಿಯ ವಿಷಯದಲ್ಲಿ ಸಿಕ್ಕ ಸಲಹೆಯನ್ನೆಲ್ಲ ಕೇಳಬೇಡ, ಅರ್ಧಕ್ಕರ್ಧ ರಿಯರ್ ವೀಲ್ ಡ್ರೈವ್ ಗಾಡಿಗೆ ಹೇಳಿದ್ದು. ಗಾಡಿ ಮುನ್ನುಗ್ಗುವಾಗ ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯುವ ಚಕ್ರ ಹಿಂದಿದ್ದವರಿಗೆ ಅದು ವರ, ನಿನಗೆ ಶಾಪ. ಡಿಕ್ಕಿಯಲ್ಲಿ ಭಾರ ಇಟ್ಟರೆ ಹಿಡಿತ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗು. ಮುಂದಿನ ಟೈರು 33 ಪಿಎಸ್‌ಐ ಇದ್ದದ್ದನ್ನು 28ಕ್ಕೆ ಇಳಿಸಿ ಓಡಿಸು, ಆಮೇಲೆ ಎರಡೆರಡೇ ಇಳಿಸುತ್ತಾ ನೋಡು. 24ಕ್ಕಿಂತ ಕೆಳಗೆ ಬೇಡ. ಅಲ್ಲಿಂದಾಚೆ ಟೈರಿನ ಪಕ್ಕದ ಗೋಡೆ ಮಡಚಿಕೊಂಡು ಸ್ಟೀರಿಂಗ್ ಅಲ್ಲಾಡತೊಡಗುತ್ತದೆ, ಹಿಡಿತವೂ ಹೆಚ್ಚುವುದಿಲ್ಲ. ಹಿಂದಿನ ಟೈರಿಗೆ 38ರವರೆಗೆ ತುಂಬಿಸು, ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿಯೊಳಗೇ ಇರಲಿ.

ತೂಕ ಇಳಿಸುವುದಕ್ಕೆ ಖರ್ಚಿಲ್ಲ. 45 ಕಿಲೋ ಇಳಿಸಿದರೆ ಸುಮಾರು ಒಂದು ಹತ್ತಾಂಶ ಸೆಕೆಂಡು. ಸ್ಟೆಪ್ನಿ, ಜಾಕ್, ಪಾನಾ, ಡಿಕ್ಕಿಯಲ್ಲಿರುವ ನಿನ್ನ ಸಾಮಾನು ಎಲ್ಲ ಇಳಿಸಿಡು. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತದೆ, ಕಾಲು ಟ್ಯಾಂಕ್ ಇದ್ದರೆ ಸಾಕು. ಒಳಗೆ ನೀರಿನ ಬಾಟಲಿ ಒಂದೂ ಬೇಡ. ಅದರ ತೂಕಕ್ಕಾಗಿ ಹೇಳುತ್ತಿಲ್ಲ, ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸೇರುತ್ತದೆ. ಕಾಲಡಿಯ ಮ್ಯಾಟನ್ನೂ ತೆಗೆ. ಸರದಿಗೆ ಬರುವ ಮೊದಲೇ ಎಸಿ ಆಫ್ ಮಾಡು, ಗೆರೆಯ ಮೇಲೆ ನೀರು ತೊಟ್ಟಿಕ್ಕಿದರೆ ನಿನ್ನ ಟೈರೂ ಜಾರುತ್ತದೆ, ಹಿಂದೆ ಬರುವವರದ್ದೂ.

ಗೇರ್ ಬದಲಿಸುವಾಗ ಕೆಂಪು ಗೆರೆಯವರೆಗೆ ಎಳೆಯಲೇಬೇಕು ಅಂತಿಲ್ಲ. ಒಂದರಿಂದ ಎರಡಕ್ಕೆ ಹೋದಾಗ ಆರ್‌ಪಿಎಂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಮೊದಲನೇ ಗೇರನ್ನು ಸ್ವಲ್ಪ ಮೇಲೆಯೇ ಎಳೆ. ಮೇಲಿನ ಗೇರುಗಳ ನಡುವೆ ಅಂತರ ಕಮ್ಮಿ, ಸಣ್ಣ ಟರ್ಬೊ ಮೇಲ್ಗಡೆ ಉಸಿರು ಕಳೆದುಕೊಳ್ಳುತ್ತದೆ. ಅಲ್ಲಿ ಮೊದಲೇ ಬದಲಿಸಿದರೆ ಲಾಭ. ಒಂದು ಸಲ 6000, ಇನ್ನೊಂದು ಸಲ 5600 ಅಂತ ಓಡಿಸಿ ಕೊನೆಯ ವೇಗ ಯಾವುದರಲ್ಲಿ ಹೆಚ್ಚು ಬಂತು ನೋಡು. ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ಲಿಮಿಟರ್‌ಗೆ ಬಡಿದರೆ ಆ ಹೊತ್ತು ದಂಡ. ಗೆರೆಗೆ ಹತ್ತು ಮಾರು ಇರುವಾಗ ನಾಲ್ಕಕ್ಕೆ ಹಾಕಬೇಕಾಗಿ ಬಂದರೆ, ಮೂರರಲ್ಲೇ ದಾಟಲು ಸಾಧ್ಯವೇ ಅಂತ ಯೋಚಿಸು.

ಲಿವರನ್ನು ಮುಷ್ಟಿ ಕಟ್ಟಿ ಎಳೆಯಬೇಡ. ಎರಡರಿಂದ ಮೂರಕ್ಕೆ ತೆರೆದ ಅಂಗೈಯಿಂದ ಮುಂದಕ್ಕೆ ತಳ್ಳು, ನ್ಯೂಟ್ರಲ್‌ನಲ್ಲಿ ಅದು ತಾನೇ ನಡುವಿಗೆ ಬರುತ್ತದೆ. ಮೂರರಿಂದ ನಾಲ್ಕಕ್ಕೆ ನೇರ ಕೆಳಗೆ. ಆತುರದಲ್ಲಿ ಎಡಕ್ಕೆ ತಳ್ಳಿಬಿಟ್ಟರೆ ನಾಲ್ಕರ ಬದಲು ಎರಡಕ್ಕೆ ಬೀಳುತ್ತದೆ, ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ. ಲಿಮಿಟರ್ ಪೆಟ್ರೋಲನ್ನಷ್ಟೇ ನಿಲ್ಲಿಸಬಲ್ಲದು, ಇದನ್ನು ತಡೆಯಲಾರದು. ವಾಲ್ವು ಬಾಗಿದ ಮೇಲೆ ಖರ್ಚು ನಿನ್ನದೇ.

ಎರಡು ಓಟಗಳ ನಡುವೆ ಬಾನೆಟ್ ಎತ್ತಿ ಅರ್ಧ ಗಂಟೆ ಆರಲು ಬಿಡು. ಸರದಿಯಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡ. 20 ಡಿಗ್ರಿಯ ಗಾಳಿಗಿಂತ 35 ಡಿಗ್ರಿಯ ಗಾಳಿ ಸುಮಾರು ಶೇ. 5ರಷ್ಟು ತೆಳು. ಅದಕ್ಕೇ ಬೆಳಗಿನ ತಂಪಿನ ಸ್ಲಿಪ್ಪನ್ನು ಮಧ್ಯಾಹ್ನದ ಸ್ಲಿಪ್ಪಿನ ಜೊತೆ ಹೋಲಿಸಿ ಖುಷಿಯನ್ನೂ ಪಡಬೇಡ, ಬೇಜಾರೂ ಬೇಡ. ಪ್ರತಿ ಸ್ಲಿಪ್ಪಿನ ಹಿಂದೆ ಹೊತ್ತು, ಬಿಸಿಲು, ಟೈರಿನ ಗಾಳಿ, ಬಿಟ್ಟ ಆರ್‌ಪಿಎಂ ಬರೆದಿಡು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ ಮೇಲೆ ಮೂರು ಸಲವಾದರೂ ಓಡಿಸು. ಗಾಳಿಯನ್ನೂ ಆರ್‌ಪಿಎಂನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ತಿಳಿಯದು. ಇದೆಲ್ಲ ಮಾಡಿಯೂ 60 ಅಡಿ ಅಲುಗದೆ ನಿಂತರೆ ಆಗ ದುಡ್ಡು ತೆಗೆ, ಅದೂ ಮೊದಲು ಒಳ್ಳೆಯ ಟೈರಿಗೆ.

ಹೆಲ್ಮೆಟ್, ಉದ್ದ ಪ್ಯಾಂಟು, ಮುಚ್ಚಿದ ಶೂ ಹಾಕಿಕೋ, ಸ್ಟ್ರಿಪ್ಪಿನವರು ಕೇಳದಿದ್ದರೂ. ಕೊನೆಯ ಗೆರೆ ದಾಟಿದ ಮೇಲೆಯೇ ಕಾಲು ತೆಗೆ, ಬ್ರೇಕನ್ನು ಮೆಲ್ಲಗೆ ಒತ್ತು, ಪಕ್ಕದ ಗಾಡಿ ಎಲ್ಲಿದೆ ಅಂತ ನೋಡದೆ ತಿರುವಿಗೆ ಅಡ್ಡ ಹೋಗಬೇಡ. ಏನಾದರೂ ಒಡೆದು ಆಯಿಲ್ ಸೋರಿದರೆ ಓಟದ ಜಾಡಿನಿಂದ ಆದಷ್ಟು ಬದಿಗೆ ಸರಿದು ನಿಲ್ಲಿಸು. ಲಾಂಚ್ ಅಭ್ಯಾಸ ಸ್ಟ್ರಿಪ್ಪಿನಲ್ಲಿ ಮಾತ್ರ, ರಾತ್ರಿಯ ಖಾಲಿ ರಸ್ತೆಯೂ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ಮನೆಗೆ ಹೊರಡುವ ಮೊದಲು ನಾಲ್ಕೂ ಟೈರಿಗೆ ಗಾಡಿಯ ಬಾಗಿಲ ಬಳಿ ಬರೆದಿರುವಷ್ಟೇ ಗಾಳಿ ಹಾಕಿಸು, ಸ್ಟೆಪ್ನಿ ಮತ್ತು ಜಾಕ್ ವಾಪಸ್ ಇಡು, ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಮಾಡು, ವೀಲ್ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಒಮ್ಮೆ ನೋಡು.

ನಿನ್ನ ಅಮ್ಮ