ಲೈಬ್ರರಿಯಲ್ಲಿ ವಂಶಾವಳಿಗೂ ಒಂದು ಟೇಬಲ್ ಹಾಕಿ

ಮಾನ್ಯ ಸಂಪಾದಕರೇ,

ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿ ನೋಡ್ಕೊಳ್ಳೋಳು, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. ಬೆಳಿಗ್ಗೆ ಪೇಪರ್ ಓದೋ ಹಿರಿಯರು, ಎಫ್‌ಡಿಎ ಎಸ್‌ಡಿಎ ಪರೀಕ್ಷೆಗೆ ಓದೋ ಹುಡುಗ್ರು, ಇವರೇ ನಮ್ಮ ಕಾಯಂ ಗಿರಾಕಿಗಳು. ಆದ್ರೆ ಎರಡು ಮೂರು ವರ್ಷದಿಂದ ಇನ್ನೊಂದು ಥರದೋರು ಬರೋಕೆ ಶುರು ಮಾಡಿದ್ದಾರೆ. ಪೌತಿ ಖಾತೆಗೆ, ಅಂದ್ರೆ ತೀರ್ಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ವಂಶವೃಕ್ಷ ಬೇಕು ಅಂತ ನಾಡಕಚೇರಿಗೆ ಹೋಗಿರ್ತಾರೆ, ಅರ್ಜಿ ತುಂಬೋಕೆ ಕೂತಾಗ ಮುತ್ತಾತನ ಹೆಸರೇ ಗೊತ್ತಿಲ್ಲ ಅಂತ ಅಲ್ಲಿ ಗೊತ್ತಾಗುತ್ತೆ, ಖಾತೆ ಹೆಂಗೋ ಆಗುತ್ತೆ ಆದ್ರೆ ಆ ಪ್ರಶ್ನೆ ಮಾತ್ರ ಮನಸ್ಸಲ್ಲೇ ಉಳ್ಕೊಳ್ಳುತ್ತೆ. ಆಮೇಲೊಂದು ದಿನ ನಮ್ಮ ಬಾಗಿಲಲ್ಲಿ ನಿಂತು "ಮೇಡಂ, ನಮ್ಮ ಮನೆತನದ ಬಗ್ಗೆ ಏನಾದ್ರೂ ಪುಸ್ತಕ ಐತಾ" ಅಂತಾರೆ.

ಅಂಥಾ ಪುಸ್ತಕ ಇರಲ್ಲ. ಇಲ್ಲ ಅಂತ ಹೇಳಿ ಕಳಿಸೋದು ಸುಲಭ, ಮೊದಮೊದಲು ನಾನೂ ಹಂಗೇ ಕಳಿಸಿದ್ದೀನಿ, ಅದು ತಪ್ಪು ಅಂತ ಈಗ ಅನ್ಸುತ್ತೆ. ಈಗ ಕೂರಿಸಿ ಒಂದು ಹಾಳೆ, ಒಂದು ಪೆನ್ಸಿಲ್ ಕೊಡ್ತೀನಿ. ಪೆನ್ಸಿಲ್ ಯಾಕಂದ್ರೆ ಮೊದಲ ದಿನ ಬರೆದಿದ್ರಲ್ಲಿ ಅರ್ಧ ಆಮೇಲೆ ಅಳಿಸಬೇಕಾಗುತ್ತೆ. ನಿಮ್ಮಿಂದ ಶುರು ಮಾಡಿ, ಅಪ್ಪ ಅವ್ವ, ಎರಡೂ ಕಡೆ ಅಜ್ಜ ಅಜ್ಜಿ, ಪ್ರತಿ ಹೆಸರಿನ ಪಕ್ಕ ಊರು, ಮತ್ತೆ ಇದನ್ನ ನಿಮಗೆ ಹೇಳಿದ್ದು ಯಾರು ಅಂತ. ದುರ್ಗದೋರಿಗೆ ಎಲ್ಲರಿಗೂ ಮದಕರಿ ನಾಯಕರ ಕಾಲಕ್ಕೆ ಒಂದೇ ಸಲ ಹೋಗಿಬಿಡೋ ಆಸೆ, ಅದು ನನಗೆ ಅರ್ಥ ಆಗುತ್ತೆ, ಆದ್ರೆ ಹೈದರಾಲಿ ಕೋಟೆ ಹಿಡಿದಿದ್ದು 1779ರಲ್ಲಿ, ಅಲ್ಲಿಂದ ಇಲ್ಲಿಗೆ ಎಂಟು ಒಂಬತ್ತು ತಲೆಮಾರು, ನಡುವಿನ ಒಂದು ಹೆಸರು ತಪ್ಪಿದ್ರೂ ಇನ್ಯಾರದೋ ವಂಶ ನಮ್ಮದು ಅಂತ ಬರ್ಕೊಂಡು ಬಿಡ್ತೀವಿ. ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಡ್ತಾರೆ, ಊರಿಗೆ ಹತ್ತು ಜನ ತಿಪ್ಪೇಸ್ವಾಮಿ ಇರ್ತಾರೆ, ಹಂಗಾಗಿ ಹೆಸರೊಂದನ್ನೇ ನಂಬಂಗಿಲ್ಲ. ಬೆಡಗು (ಕುಲದೊಳಗಿನ ಪಂಗಡ) ಯಾವುದು, ಮನೆದೇವ್ರು ಯಾವುದು, ಜಮೀನಿನ ಸರ್ವೆ ನಂಬರ್ ಎಷ್ಟು, ಎಲ್ಲಾ ಜೊತೆಗಿಟ್ಟು ನೋಡ್ಬೇಕು.

ಇಸವಿ ಕೇಳಿದ್ರೆ ನಮ್ಮ ಹಿರಿಯರು ಹೇಳಲ್ಲ, ಹೇಳೋ ರೀತಿನೇ ಬೇರೆ. ಒಬ್ಬ ಹುಡುಗ ಅವರಜ್ಜನ ಸ್ಕೂಲ್ ದಾಖಲಾತಿ ನಕಲು ತಂದಿದ್ದ, ಅದರಲ್ಲಿ ಹುಟ್ಟಿದ್ದು 1-6-1936. ಜೂನ್ 1 ಅಂದ ತಕ್ಷಣ ಅನುಮಾನ ಪಡ್ಬೇಕು, ಶಾಲೆ ಶುರುವಾಗೋ ತಿಂಗಳು ಅಂತ ಮೇಷ್ಟ್ರು ಅಂದಾಜಿಗೆ ಬರೆದ ತಾರೀಖು ಅದು, ನಮ್ಮ ಹಿರಿಯರಲ್ಲಿ ಎಷ್ಟು ಜನ ಜೂನ್ ಒಂದಕ್ಕೆ ಹುಟ್ಟಿದೋರು ಇದ್ದಾರೆ ನೀವೇ ನೋಡಿ. ಅಜ್ಜನ್ನೇ ಕೇಳ್ಕೊಂಡು ಬಾರಪ್ಪ ಅಂತ ಕಳಿಸಿದೆ. "ಮಾರಿಕಣಿವೆ ಕೋಡಿ ಬಿದ್ದಾಗ ನಮ್ಮವ್ವ ನನ್ನ ಕಂಕುಳಲ್ಲಿ ಎತ್ಕೊಂಡು ನೋಡಾಕೆ ಹೋಗಿದ್ಲಂತೆ" ಅಂದ್ರಂತೆ. ಮಾರಿಕಣಿವೆ ಅಂದ್ರೆ ವಾಣಿವಿಲಾಸ ಸಾಗರ ಡ್ಯಾಮು, ಅದು ಕಟ್ಟಿ ಮುಗಿದಿದ್ದು 1907ರಲ್ಲಿ, ಕೋಡಿ ಬಿದ್ದಿದ್ದು 1933ರಲ್ಲಿ, ಅದು ಬಿಟ್ರೆ ಮತ್ತೆ ಬಿದ್ದಿದ್ದು 2022ಕ್ಕೇ. ಅಂದ್ರೆ ಅಜ್ಜ ಹುಟ್ಟಿದ್ದು 1932ರ ಆಸುಪಾಸು, ಕಾಗದಕ್ಕಿಂತ ಅವರ ಮಾತೇ ಹತ್ತಿರ ಇತ್ತು. ಧಾತು, ಈಶ್ವರ ಅನ್ನೋ ಸಂವತ್ಸರಗಳ ಬರ ಅಂದ್ರೆ 1876ರಿಂದ 78. ಪ್ಲೇಗ್ ಬಂದು ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದು, 1918ರ ಜ್ವರದಲ್ಲಿ ಒಂದೇ ಮನೇಲಿ ನಾಲ್ಕು ಜನ ಹೋಗಿದ್ದು, ಇವೆಲ್ಲಾ ನಮ್ಮ ಕ್ಯಾಲೆಂಡರೇ. ಹಳೇ ಕ್ರಯಪತ್ರದಲ್ಲಿ ಸಂವತ್ಸರ ಮಾತ್ರ ಇದ್ರೆ ಹುಷಾರಾಗಿರ್ಬೇಕು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ, ರಕ್ತಾಕ್ಷಿ ಅಂತಿದ್ರೆ 1924-25 ಇರಬಹುದು, 1864-65 ಕೂಡ ಇರಬಹುದು.

ಇನ್ನು ಕಾಗದ ಎಲ್ಲಿ ಸಿಗುತ್ತೆ ಅನ್ನೋದು. ದಾವಣಗೆರೆಯಿಂದ ಬರೋರಿಗೆ ನಾನು ಮೊದಲು ಹೇಳೋದು, ನಿಮ್ಮ ಜಿಲ್ಲೆ ಆಗಿದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಅದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆ, ಚನ್ನಗಿರಿ ಹೊನ್ನಾಳಿ ಶಿವಮೊಗ್ಗ. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ, 1953ಕ್ಕೂ ಹಿಂದೆ ನೋಡಿದ್ರೆ ಅದು ಮದ್ರಾಸಿಗೆ ಸೇರಿತ್ತು. ಇದು ಗೊತ್ತಿಲ್ದೆ ಜನ ಆಫೀಸಿಂದ ಆಫೀಸಿಗೆ ಅಲೀತಾರೆ. ಪಹಣಿ ಒಂದೇ ಸಾಲಲ್ಲ, ಹಳೇ ಮ್ಯುಟೇಷನ್ ರಿಜಿಸ್ಟರ್ ಕೇಳ್ಬೇಕು, ಇಂಥೋರು ಸತ್ತ ಮೇಲೆ ಇಂಥಾ ಮಕ್ಕಳ ಹೆಸರಿಗೆ ಅಂತ ಅದರಲ್ಲೇ ಇರುತ್ತೆ. ಗೇಣಿ ಜಮೀನು ಇದ್ದೋರು 1974ರ ನಂತರದ ಭೂ ನ್ಯಾಯಮಂಡಳಿ ಕಡತ, ಗೇಣಿ ಜಮೀನು ತಮ್ಮ ಹೆಸರಿಗೆ ಕೇಳಿ ಹಾಕಿದ ಫಾರಂ 7 ಅರ್ಜಿ ಹುಡುಕ್ಬೇಕು. ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿನ ಹಳೇ ಕಡತಗಳನ್ನ ಈಗ ಭೂ ಸುರಕ್ಷಾ ಅಂತ ಸ್ಕ್ಯಾನ್ ಮಾಡ್ತಿದ್ದಾರೆ, ಬಹಳ ಒಳ್ಳೇ ಕೆಲಸ. ಜನಗಣತಿ ಪುಸ್ತಕ ನೋಡಬಹುದಾ ಅಂತಾನೂ ಕೇಳ್ತಾರೆ, ಅಮೆರಿಕದಲ್ಲಿ 72 ವರ್ಷ ಆದ್ಮೇಲೆ ತೋರಿಸ್ತಾರೆ, ನಮ್ಮಲ್ಲಿ 1948ರ ಕಾಯ್ದೆ ಪ್ರಕಾರ ಮನೆಮನೆ ವಿವರ ಯಾರಿಗೂ ತೋರಿಸಂಗಿಲ್ಲ, ಹಂಗಾಗಿ ಇಂಟರ್‌ನೆಟ್ಟಲ್ಲಿರೋ ಹೊರದೇಶದ ಸಲಹೆ ನಮಗೆ ಅಷ್ಟು ಹೊಂದಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ 11ನೇ ಸಂಪುಟದಲ್ಲಿ ನಮ್ಮ ಜಿಲ್ಲೆ ಶಾಸನಗಳಿವೆ, ಊರಿನ ಚರಿತ್ರೆಗೆ ಅದು ಬೇಕೇ ಬೇಕು, ಆದ್ರೆ ಊರಲ್ಲಿರೋ ವೀರಗಲ್ಲು ನಮ್ಮ ತಾತಂದೇ ಅಂತ ಬರ್ಕೋಬಾರ್ದು.

ನನಗೆ ಸಂಕಟ ಆಗೋದು ಎರಡು ಕಡೆ. ಒಂದು, ಜಮೀನೇ ಇಲ್ಲದೋರು. ನಮ್ಮ ಕೇರಿ ಜನ ಪಹಣಿ ಎಲ್ಲಿಂದ ತರ್ತಾರೆ? ಅವರಿಗೂ ದಾರಿ ಐತೆ. ತೋಟಿ, ತಳವಾರ, ನೀರಗಂಟಿ ಅಂತ ಊರ ಚಾಕರಿ ಮಾಡಿದ ಮನೆ ಆದ್ರೆ ಆ ಕೆಲಸಕ್ಕೆ ಕೊಟ್ಟ ಇನಾಂ ಜಮೀನಿನ ಕಾಗದ, 1963ರಲ್ಲಿ ಆ ಹುದ್ದೆಗಳು ರದ್ದಾದ ಮೇಲೆ ಮರುಮಂಜೂರು ಆದ ಕಡತ ಇರಬಹುದು. ಇಲ್ಲಾಂದ್ರೆ ಸ್ಕೂಲ್ ರಿಜಿಸ್ಟರ್, ಹಳೇ ವೋಟರ್ ಲಿಸ್ಟು. ಅವರನ್ನ ಹತ್ತು ಜನರ ಮುಂದೆ ಜಾತಿ ಕೇಳಬಾರ್ದು, ಪಕ್ಕಕ್ಕೆ ಕೂರಿಸಿ ಮಾತಾಡ್ಸಬೇಕು. ಇನ್ನೊಂದು, ಹೆಣ್ಮಕ್ಕಳು. ಹಳೇ ವಂಶವೃಕ್ಷ ತೆಗೆದು ನೋಡಿ, ಗಂಡುಮಕ್ಕಳ ಹೆಸರು ಸಾಲಾಗಿ ಇರುತ್ತೆ, ಮಗಳ ಹೆಸರೇ ಇರಲ್ಲ. ನಮ್ಮವ್ವನ ಹೆಸರು ಅವಳ ತವರಿನ ಕಾಗದದಲ್ಲಿ ಇಲ್ಲ. ಅಜ್ಜಿಯ ತವರೂರು ಯಾವುದು ಅನ್ನೋ ಪ್ರಶ್ನೆ ನಾನು ಎಲ್ಲರಿಗೂ ಕೇಳ್ತೀನಿ, ಗೊತ್ತಿರೋರು ಕಮ್ಮಿ.

ಮೊದಲು ಈ ಕೆಲಸ ಹೆಳವರು ಮಾಡ್ತಿದ್ರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು ಅಂಗಳದಲ್ಲಿ ನಿಂತು ಮೂಲ ಪುರುಷನಿಂದ ಹಿಡಿದು ಎಲ್ಲಿಂದ ಬಂದ್ರಿ, ಯಾರಿಗೆ ಯಾರು ಹುಟ್ಟಿದ್ರು ಎಲ್ಲಾ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರ್ಕೊಂಡು, ಕಾಳು ಬಟ್ಟೆ ಇಸ್ಕೊಂಡು ಹೋಗ್ತಿದ್ರು. ಈಗಲೂ ಕೆಲವರು ಬರ್ತಾರೆ, ಅವರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗಿದ್ದಾರೆ, ಹೋಗಲೇಬೇಕು. ಅವರು ಬಂದ ದಿನ ದಯವಿಟ್ಟು ಬಾಗಿಲು ಹಾಕ್ಕೋಬೇಡಿ, ಕೂರಿಸಿ, ಕೇಳಿ, ಅವರ ಒಪ್ಪಿಗೆ ತಗೊಂಡು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಕೊಡೋದನ್ನ ಕೈತುಂಬ ಕೊಡಿ.

ನನ್ನ ಕೋರಿಕೆ ಇಷ್ಟೇ. ಆಸ್ತಿ ತೆರಿಗೆ ಜೊತೆ ನಾವು ಗ್ರಂಥಾಲಯ ಕರ ಕಟ್ತೀವಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಾರಕ್ಕೊಂದು ಮಧ್ಯಾಹ್ನ ಇದಕ್ಕಂತ ಒಂದು ಟೇಬಲ್ ಹಾಕಿ. ಅಲ್ಲಿ ಗೆಜೆಟಿಯರ್, ಶಾಸನ ಸಂಪುಟ, ಸಂವತ್ಸರ ಇಸವಿ ಪಟ್ಟಿ, ಯಾವ ತಾಲ್ಲೂಕು ಯಾವಾಗ ಯಾವ ಜಿಲ್ಲೇಲಿತ್ತು ಅನ್ನೋ ಒಂದು ಹಾಳೆ ಇರಲಿ. ರಿಟೈರ್ ಆಗಿರೋ ಗ್ರಾಮ ಲೆಕ್ಕಿಗರು, ಸರ್ವೇಯರು ನಮ್ಮೂರುಗಳಲ್ಲಿ ಎಷ್ಟೋ ಜನ ಇದ್ದಾರೆ, ಶ್ಯಾನುಭೋಗರ ಕೈಬರಹ, ಮೋಡಿ ಅಕ್ಷರ ಓದೋಕೆ ಬರೋರು ಇನ್ನೂ ಒಬ್ಬಿಬ್ಬರಾದ್ರೂ ಸಿಗ್ತಾರೆ, ಅವರನ್ನ ಕರೆದು ಗೌರವದಿಂದ ಕೂರಿಸಿ. ನಮ್ಮಂಥ ಹಳ್ಳಿ ಲೈಬ್ರರಿ ಮೇಲ್ವಿಚಾರಕರಿಗೆ ಒಂದು ದಿನ ತರಬೇತಿ ಕೊಟ್ರೆ ಮಿಕ್ಕಿದ್ದು ನಾವು ಮಾಡ್ತೀವಿ.

ಅಲ್ಲೀವರೆಗೆ ನಮ್ಮ ಲೈಬ್ರರಿಯಲ್ಲಿ ಗುರುವಾರ ಮಧ್ಯಾಹ್ನ ನಾನೇ ಕೂತಿರ್ತೀನಿ. ಬರೋರು ಮನೇಲಿರೋ ಎಲ್ಲರಿಗಿಂತ ಹಿರಿಯರನ್ನ ಮಾತಾಡಿಸಿ, ಅಜ್ಜಿ ತವರೂರಿನ ಹೆಸರು ಕೇಳ್ಕೊಂಡು ಬನ್ನಿ, ಹಾಳೆ ಪೆನ್ಸಿಲ್ ನಾನು ಕೊಡ್ತೀನಿ.

ಇಂತಿ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ
ಚಿತ್ರದುರ್ಗ ತಾಲ್ಲೂಕು