ರಸದಾನಿ ಬರೀ ಉಗ್ರಾಣವಲ್ಲ

ಮಾನ್ಯ ಸಂಪಾದಕರೆ,

ನಿಮ್ಮ ವಿಜ್ಞಾನ ಪುಟದಲ್ಲಿ ಯೀಸ್ಟ್ ಬಗ್ಗೆ ಬಂದ ಬರಹ ಓದಿದೆ. ಬ್ರೆಡ್ ಉಬ್ಬುತ್ತದೆ, ಎಥೆನಾಲ್ ಆಗುತ್ತದೆ, ಎಲ್ಲ ಸರಿ. ಆದರೆ ಯೀಸ್ಟ್ ಕೋಶದೊಳಗಿನ ರಸದಾನಿಯನ್ನು (ವ್ಯಾಕ್ಯುಯೋಲ್, ರಸ ತುಂಬಿದ ಚೀಲ) ಉಗ್ರಾಣ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದಕ್ಕೇ ಈ ಪತ್ರ.

ನಾನು ಮುಧೋಳ ಕಡೆಯ ಒಂದು ಡಿಸ್ಟಿಲರಿಯ ಲ್ಯಾಬಿನವನು. ದಿನಾ ಬೆಳಿಗ್ಗೆ ಕಾಕಂಬಿ ಹುದುಗುವ ಟ್ಯಾಂಕಿನಿಂದ ಒಂದು ಹನಿ ತಂದು, ಮೆಥಿಲೀನ್ ಬ್ಲೂ ಎಂಬ ಬಣ್ಣ ಬೆರೆಸಿ, ಮೈಕ್ರೋಸ್ಕೋಪಿನಡಿ ಇಟ್ಟು, ಸತ್ತವೆಷ್ಟು ಬದುಕಿದವೆಷ್ಟು ಅಂತ ಎಣಿಸುತ್ತೇನೆ. ಸತ್ತದ್ದು ನೀಲಿ. ಬದುಕಿದ್ದಕ್ಕೆ ಬಣ್ಣ ಹತ್ತುವುದಿಲ್ಲ, ಒಳಗೆ ಒಂದು ದುಂಡು ಗುಳ್ಳೆ ಕಾಣುತ್ತದೆ. ಅದೇ ರಸದಾನಿ.

ಆ ಗುಳ್ಳೆಯ ಒಳಗೆ ಹುಳಿ. ಸುತ್ತಲಿನ ಕೋಶರಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 7ರ ಆಸುಪಾಸು ಇದ್ದರೆ ಇಲ್ಲಿ 6 ಅಥವಾ ಅದಕ್ಕೂ ಕಡಿಮೆ. ಈ ಹುಳಿ ತಾನಾಗಿ ಬರುವುದಿಲ್ಲ, ವಿ-ಎಟಿಪೇಸ್ ಎಂಬ ಪಂಪ್ ಶಕ್ತಿ ಖರ್ಚು ಮಾಡಿ ಹುಳಿ ತರುವ ಪ್ರೋಟಾನುಗಳನ್ನು ಒಳಗೆ ತಳ್ಳುತ್ತಲೇ ಇರಬೇಕು. ಪಂಪ್ ಕೆಟ್ಟರೆ ಪೆಟ್ಟು ಬೀಳುವುದು ಎಲ್ಲಿಗೆ ಗೊತ್ತಾ? ಹೊರಗಿನ ಗೋಡೆಗೆ! ಆ ಗೋಡೆ ಗ್ಲೂಕನ್ ಎಂಬ ಸಕ್ಕರೆ ಸರಪಣಿ, ಸಕ್ಕರೆ ಹೊತ್ತ ಪ್ರೋಟೀನು, ಚೂರು ಕೈಟಿನ್ ಎಂಬ ಗಟ್ಟಿ ವಸ್ತು ಸೇರಿ ಆದದ್ದು. ಆ ಪ್ರೋಟೀನಿಗೆ ಸಕ್ಕರೆ ಹಚ್ಚುವ, ಗಾಲ್ಗಿ ಎಂಬ ಕೋಶದೊಳಗಿನ ಭಾಗವನ್ನು ಹುಳಿಯಾಗಿ ಇಡುವುದೂ ಇದೇ ಜಾತಿಯ ಪಂಪ್. ಜೊತೆಗೆ ರಸದಾನಿಯ ಹುಳಿ ಇಳಿದರೆ ಕ್ಯಾಲ್ಸಿಯಂ ಕೂಡಿಡುವ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಪಂಪಿಲ್ಲದ ಯೀಸ್ಟಿಗೆ ಗೋಡೆಗೆ ಅಂಟುವ ಕ್ಯಾಲ್ಕೋಫ್ಲೋರ್ ವೈಟ್ ಎಂಬ ಬಣ್ಣ ಹಾಕಿದರೆ ಬೇಗ ಸೋಲುತ್ತದೆ. ಹೊರಗಿನ ದ್ರವದ ಪಿಎಚ್ 5 ಇದ್ದರೆ ಹೇಗೋ ಬೆಳೆಯುತ್ತದೆ, 7.5ಕ್ಕೆ ಏರಿಸಿದರೆ ಬೆಳೆಯುವುದೇ ಇಲ್ಲ. (ನಾವೂ ಟ್ಯಾಂಕನ್ನು ಹುಳಿಯಾಗಿಯೇ ಇಡುತ್ತೇವೆ, ಅದು ಬೇರೆ ಕಾರಣಕ್ಕೆ, ಬ್ಯಾಕ್ಟೀರಿಯಾ ಕಾಟಕ್ಕೆ.)

ಇದು ಸುಮ್ನೆ ಲ್ಯಾಬಿನ ಮಾತಲ್ಲ. ಮನುಷ್ಯರನ್ನು ಕಾಡುವ ಕ್ಯಾಂಡಿಡಾ ಕೂಡ ಯೀಸ್ಟೇ. ನಮ್ಮ ಜೀವಕೋಶಕ್ಕೆ ಗೋಡೆ ಇಲ್ಲ, ಅದಕ್ಕೇ ಗೋಡೆ ಕಟ್ಟುವುದನ್ನು ತಡೆಯುವ ಕ್ಯಾಸ್ಪೊಫಂಗಿನ್ ಥರದ ಔಷಧಿಗಳಿವೆ. ಪಂಪನ್ನೇ ನಿಲ್ಲಿಸೋಣ ಎಂದರೆ ಕಷ್ಟ, ಅದು ನಮ್ಮೊಳಗೂ ಇದೆಯಲ್ವಾ.

ಜಪಾನಿನ ಜೀವಕೋಶ ವಿಜ್ಞಾನಿ ಯೊಶಿನೊರಿ ಒಸುಮಿ ಅವರು ಇದೇ ರಸದಾನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಹೋಗಿ 2016ರಲ್ಲಿ ನೊಬೆಲ್ ಪಡೆದರು. ಮುಂದಿನ ಸಲ ದಯವಿಟ್ಟು ಒಂದು ಚಿತ್ರವನ್ನಾದರೂ ಹಾಕಿ. ಗೋಡೆ, ಗುಳ್ಳೆ ಎರಡೂ ಕಾಣುವಂತೆ.

ಇಂತಿ,
ನಿಮ್ಮ ಓದುಗ, ಮುಧೋಳ, ಬಾಗಲಕೋಟೆ ಜಿಲ್ಲೆ